ಟ್ರ್ಯಾಕ್ಟರಿನ ಬೆನ್ನಿಗೆ ತರಗುಪೇಟೆಯ ಕಲ್ಲು

ಶಿವರುದ್ರಪ್ಪನವರ ಬಾಯಲ್ಲಿ ‘ಒಂದು’ ಎಂಬ ಎಣಿಕೆ ಬಂದದ್ದನ್ನು ನಾನು ಕೇಳಿಲ್ಲ. ತರಗುಪೇಟೆಯ ಮಂಡಿಗಳಲ್ಲಿ ಕಾಳು ಅಳೆಯುವವರು ಒಂದು ಎನ್ನುವ ಬದಲು ‘ಲಾಭ’ ಎಂಬ ಮಂಗಳಶಬ್ದದಿಂದ ಲೆಕ್ಕ ಆರಂಭಿಸುವುದು ತಲೆತಲಾಂತರದ ರೂಢಿ. ಆದರೆ ಉಳಿದ ವರ್ತಕರು ಸಂಜೆ ಬಾಗಿಲು ಹಾಕುವಾಗ ಆ ರೂಢಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬಿಟ್ಟು ಮನೆಗೆ ಹೋದರೆ, ಇವರು ಅದನ್ನು ಹೆಗಲ ಮೇಲಿನ ವಲ್ಲಿಯಂತೆ ಊರೆಲ್ಲ ಹೊತ್ತು ತಿರುಗುತ್ತಾರೆ. ಗಾಂಧಿಬಜಾರಿನ ಹೋಟೆಲಿನಲ್ಲಿ ಇವರಿಗೆ ಬೇಕಾದದ್ದು ಲಾಭ ಕಾಫಿ. ಲಿಫ್ಟಿನೊಳಗೆ ಯಾರಾದರೂ ಯಾವ ಮಹಡಿ ಎಂದು ವಿಚಾರಿಸಿದರೆ ‘ಲಾಭ’ ಎಂದು ಗಂಭೀರವಾಗಿ ನುಡಿದು ಮೇಲೆ ನೋಡುತ್ತಾ ನಿಲ್ಲುತ್ತಾರೆ. ಹೊಸದಾಗಿ ಬಂದ ಡಾಕ್ಟರೊಬ್ಬರು ರಾತ್ರಿಗೆ ಎಷ್ಟು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿ, ಬಂದ ಉತ್ತರಕ್ಕೆ ಕಣ್ಣು ಬಿಡುತ್ತಾ ಕೂತಾಗ, ಪಕ್ಕದಲ್ಲಿದ್ದ ಪತ್ನಿ ಶೈಲಜಮ್ಮನವರು ಬೆರಳೊಂದನ್ನು ಎತ್ತಿ ತೋರಿಸಬೇಕಾಯಿತಂತೆ.

ಅವರ ಎರಡನೆಯ ಗುರುತು ಕೋಟು. ಬಿಳಿಯ ಪಂಚೆ, ಬಿಳಿಯ ಶರಟು, ಹಣೆಯ ಮೇಲೆ ಮೂರು ಬೆರಳಗಲದ ವಿಭೂತಿ, ಇವೆಲ್ಲದರ ಮೇಲೆ, ಚೈತ್ರವಿರಲಿ ಮಾರ್ಗಶಿರವಿರಲಿ, ಬೂದುಬಣ್ಣದ ಹಳೆಯ ಕೋಟು. ಮತ್ತು ಆ ಕೋಟಿನ ಎಡಜೇಬಿನಲ್ಲಿ ಒಂದು ಕಿಲೋ ತೂಕದ ಕಲ್ಲು. ಕಬ್ಬಿಣದಿಂದ ಎರಕ ಹೊಯ್ದದ್ದಾದರೂ ಪೇಟೆಯವರಿಗೆ ಅದು ಕಲ್ಲೇ. ಸರ್ಕಾರದ ಮುದ್ರೆ ಬಿದ್ದ, ಅಂಗಡಿಯ ಉಳಿದೆಲ್ಲ ಕಲ್ಲುಗಳ ಸಾಚಾತನವನ್ನು ಒರೆಗೆ ಹಚ್ಚಲು ತಂದೆ ಇಟ್ಟುಕೊಂಡಿದ್ದ ಮೂಲಕಲ್ಲು ಅದು. ಅದರ ಭಾರಕ್ಕೆ ಕೋಟಿನ ಎಡಸೆರಗು ಜಗ್ಗಿ, ಎಡಹೆಗಲು ತಗ್ಗಿ, ಅದನ್ನು ಸರಿದೂಗಿಸಲೆಂದು ಇಡೀ ದೇಹ ಬಲಕ್ಕೆ ವಾಲಿ, ಅವರು ನಡೆದು ಬರುವುದನ್ನು ದೂರದಿಂದ ಕಂಡರೆ ಯಾರೋ ತಕ್ಕಡಿಯೊಂದನ್ನು ಎತ್ತಿ ಹಿಡಿದು ತರುತ್ತಿದ್ದಾರೆ ಅನ್ನಿಸುತ್ತಿತ್ತು. ದರ್ಜಿಯೊಬ್ಬ ಬಲಜೇಬಿಗೂ ಅಷ್ಟೇ ಭಾರದ್ದೇನಾದರೂ ಹಾಕಿಕೊಳ್ಳಿ ಸ್ವಾಮಿ ಎಂದು ಸಲಹೆ ಕೊಟ್ಟಿದ್ದ; ಸುಳ್ಳು ತೂಕ ಹೊರುವ ಅಭ್ಯಾಸ ತಮ್ಮ ಮನೆತನಕ್ಕಿಲ್ಲ ಎಂದು ಅವನ ಬಾಯಿ ಮುಚ್ಚಿಸಿದ್ದರು.

ತರಕಾರಿ ಕೊಳ್ಳಲು ಹೋದರೆ ಮೊದಲು ಆ ಕಲ್ಲನ್ನು ತೆಗೆದು ಗಾಡಿಯವರ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಡುವರು. ಅಂಕಿ ಸರಿಯಾಗಿ ಬಂದರೆ ‘ಲಾಭ’ ಎಂದು ತಲೆಯಾಡಿಸಿ ಬೆಂಡೇಕಾಯಿ ಆರಿಸತೊಡಗುವರು. ಬರದಿದ್ದರೆ ಜಗಳವಾಡದೆ, ಕಲ್ಲನ್ನು ಮರಳಿ ಜೇಬಿಗಿಳಿಸಿ ಮುಂದಿನ ಗಾಡಿಗೆ ಹೋಗುವರು. ಆ ಮೌನ ಜಗಳಕ್ಕಿಂತ ದುಬಾರಿಯಾದ್ದರಿಂದ ಬಜಾರಿನವರಿಗೆ ಅವರೆಂದರೆ ಅರ್ಧ ಗೌರವ, ಅರ್ಧ ತಲೆನೋವು. ಮನೆಯವರಿಗೂ ಅಷ್ಟೆ. ಗಿರಾಕಿಗಳಿಗೆ ತೂಕದ ಮೇಲೆ ಒಂದು ಹಿಡಿ ಕೊಸರು ಹಾಕುವ ಮನುಷ್ಯ ಸ್ವಂತ ಮನೆಗೆ ಹುಣಸೆಹಣ್ಣು ಕಳಿಸುವಾಗ ತಕ್ಕಡಿಯ ಮುಳ್ಳು ನಡುವೆ ನಿಂತೊಡನೆ ಕೈ ತೆಗೆದುಬಿಡುತ್ತಾರೆ ಎಂಬುದು ಶೈಲಜಮ್ಮನವರ ಬಹುಕಾಲದ ದೂರು. ಅದಕ್ಕೆ ಅವರ ಉತ್ತರ ತಂದೆಯಿಂದ ಬಂದ ಒಂದು ಮಾತು: “ಕಲ್ಲಿಗೆ ಯಜಮಾನನ ಗುರುತಿರಬಾರ್ದು.” ತೂಗುವಾಗ ತನ್ನವರು, ಹೊರಗಿನವರು ಎಂದು ಕಲ್ಲು ನೋಡಬಾರದು ಎಂದರ್ಥ. ಆ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಇದನ್ನು ಬರೆಯುವಾಗಲೂ ನನಗೆ ಸ್ವಲ್ಪ ಸಿಟ್ಟು ಬರುತ್ತಿದೆ.

ಎಲೆಕ್ಟ್ರಾನಿಕ್ ತಕ್ಕಡಿ ಬಂದಾಗ ಪೇಟೆಯ ಅಂಗಡಿಗಳವರು ತಮ್ಮ ಹಳೆಯ ತೂಕಗಳನ್ನು ಗುಜರಿಗೆ ಹಾಕಿದರು. ಇವರು ಹಾಕಲಿಲ್ಲ. ಇಪ್ಪತ್ತು ಕಿಲೋದವು, ಐವತ್ತರವು, ಹಿಡಿಯಿರುವ ಕರಿಯ ಕಲ್ಲುಗಳ ಸಾಲುಸಾಲು ಉಗ್ರಾಣದ ಮೂಲೆಯಲ್ಲಿ ಕೂತಿದ್ದವು. ದೀಪಾವಳಿಯ ದಿನ ಅವಕ್ಕೂ ವಿಭೂತಿ ಹಚ್ಚಿ ಹೂವಿಡುತ್ತಿದ್ದರು. ಕಬ್ಬಿಣಕ್ಕೆ ನಿವೃತ್ತಿವೇತನ ಕೊಡುತ್ತಿದ್ದೀರಾ ಎಂದು ನಾನು ಕೆಣಕಿದ್ದುಂಟು. ಕೆಲಸ ಹುಡುಕಿಕೊಂಡು ಬರುತ್ತದೆ ಮೇಷ್ಟ್ರೇ ಎಂದಿದ್ದರು, ತಮಾಷೆಯ ಸುಳಿವೂ ಇಲ್ಲದ ಮುಖದಲ್ಲಿ.

ಕೆಲಸ ಹುಡುಕಿಕೊಂಡು ಬಂದದ್ದು ನಮ್ಮ ಎಲೆ ಸಂಘದಿಂದ. ಬಸವನಗುಡಿಯ ಮರಗಳು ಉದುರಿಸುವ ಎಲೆಗಳನ್ನು ಬೀದಿಬದಿಯಲ್ಲಿ ಸುಡುವುದನ್ನು ಕಂಡು ಹೊಟ್ಟೆ ಉರಿದ ನಾವು ಕೆಲವು ಮಂದಿ ಗವಿಪುರದ ಕಡೆಗಿನ ಒಂದು ಇಳಿಜಾರು ಅಂಗಳವನ್ನು ಹಿಡಿದು, ಎಲೆ, ಹೂವಿನಂಗಡಿಗಳ ಬಾಡಿದ ಹಾರ, ಪರಿಷೆ ಮುಗಿದ ಮೇಲೆ ಉಳಿಯುವ ಕಡಲೆಕಾಯಿ ಸಿಪ್ಪೆ, ಇವನ್ನೆಲ್ಲ ಕೊಳೆಸಿ ಗೊಬ್ಬರ ಮಾಡುತ್ತೇವೆ. ಅಧ್ಯಕ್ಷರು ಶ್ರೀನಿವಾಸಯ್ಯನವರು, ಬ್ಯಾಂಕಿನಿಂದ ನಿವೃತ್ತರಾದವರು, ಪ್ರಾಮಾಣಿಕರು, ಆದರೆ ತಾವು ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಯೋಚಿಸುವುದು ಕಾಲಹರಣವೆಂದು ನಂಬಿದವರು. ಮನುಷ್ಯರ ಬೆನ್ನು ಸಾಲದಾದಾಗ ಸಂಘ ಒಂದು ಪುಟ್ಟ ಟ್ರ್ಯಾಕ್ಟರನ್ನು ತರಿಸಿತು. ಓಣಿಯಲ್ಲಿ ನುಸುಳುವಷ್ಟು ಚಿಕ್ಕದು. ಮುಂದೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ರಾಶಿಯನ್ನು ಬಾಚಿ ಎತ್ತುವ ದೊಡ್ಡ ಬಕೆಟ್ಟು. ಮಾರಿದವರು ಬಕೆಟ್ಟು ಬಳಸುವಾಗ ಹಿಂಭಾಗಕ್ಕೆ ಭಾರ ತೂಗುಹಾಕಲೇಬೇಕೆಂದು ಸ್ಪಷ್ಟವಾಗಿ ಹೇಳಿದ್ದರು. ಅಂಗಳ ಕಿರಿದು, ಬಾಲ ಬೆಳೆಸಿದರೆ ತಿರುಗಿಸುವಾಗ ಗೋಡೆಗೆ ತಗಲುತ್ತದೆ, ಅದೆಲ್ಲ ಹೊಲದವರಿಗೆ ಎಂದು ಶ್ರೀನಿವಾಸಯ್ಯನವರು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಅದನ್ನು ಓಡಿಸಲು ಬಂದವಳು ರುದ್ರಾಣಿ. ಮೂವತ್ತೈದರ ಆಸುಪಾಸು; ಕಲಾಸಿಪಾಳ್ಯದಲ್ಲಿ ಸೊಪ್ಪು ತರಕಾರಿಯ ಟೆಂಪೋ ಓಡಿಸಿ ಪಳಗಿದ ಕೈ; ಹಗಲಿರುಳೆನ್ನದ ಆ ದುಡಿಮೆಯನ್ನು ಬಿಟ್ಟು, ತಿಂಗಳ ಸಂಬಳದ ಈ ಕೆಲಸಕ್ಕೆ ಬಂದಿದ್ದಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಟೆಂಪೋ ಬೇರೆಯವರ ಪಾಲಾಗಿತ್ತು, ಹಿಂದಿರುಗಿ ಹೋಗಲು ದಾರಿಯಿರಲಿಲ್ಲ. ಹೆಂಗಸಿನ ಕೈಗೆ ಟ್ರ್ಯಾಕ್ಟರೇ ಎಂದು ಮೂಗು ಮುರಿದವರೂ ನಮ್ಮಲ್ಲಿದ್ದರು. ಅವಳು ರಾಶಿಯ ಬುಡಕ್ಕೆ ಬಕೆಟ್ಟನ್ನು ಮೃದುವಾಗಿ ನೂಕಿ ಎತ್ತುವುದನ್ನು ಕಂಡ ಮೇಲೆ ಮುರಿದ ಮೂಗುಗಳು ತಕ್ಕಮಟ್ಟಿಗೆ ನೆಟ್ಟಗಾಗಿದ್ದವು.

ಮೇ ತಿಂಗಳ ಮೊದಲ ಜೋರು ಮಳೆ ಬಂದುಹೋದ ಮರುದಿನ, ನೆಂದು ಕಲ್ಲಾಗಿದ್ದ ಎಲೆರಾಶಿಯನ್ನು ತುಂಬಿಕೊಂಡು, ಬಕೆಟ್ಟನ್ನು ಎದೆಯೆತ್ತರಕ್ಕೆ ಎತ್ತಿ ಅವಳು ತಿರುಗಿಸುತ್ತಿದ್ದಾಗ ಟ್ರ್ಯಾಕ್ಟರಿನ ಹಿಂದಿನ ಎಡಚಕ್ರ ಸದ್ದಿಲ್ಲದೆ ನೆಲದಿಂದ ಮೇಲೆದ್ದಿತು. ಒಂದು ಗೇಣು ಎದ್ದಿರಬಹುದು. ಅವಳು ಕೂಗಲಿಲ್ಲ, ಬಕೆಟ್ಟನ್ನು ಇಳಿಸಿದಳು, ಚಕ್ರ ದಡ್ಡನೆ ನೆಲಕ್ಕೆ ಬಿತ್ತು. ಹಿಂದುಗಡೆ ಹಗುರ ಆಗ್ತಿದೆ ಸಾರ್ ಎಂದು ಅವಳು ಹೇಳಿದ್ದಕ್ಕೆ ಶ್ರೀನಿವಾಸಯ್ಯನವರು ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಮ್ಮೆಲ್ಲರ ಎದುರಿಗೆ ಹೇಳಿಬಿಟ್ಟರು. ನಮ್ಮ ಅಂಗಳದ ನೆಲ ನಿಜವಾಗಿಯೂ ಡೊಂಕೆಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ಶಿವರುದ್ರಪ್ಪನವರು ಅಂದು ಶೈಲಜಮ್ಮನವರ ಮಲ್ಲಿಗೆ ಕುಂಡಗಳಿಗೆ ಗೊಬ್ಬರ ಒಯ್ಯಲು ಬಂದು ಗೇಟಿನ ಬಳಿ ನಿಂತಿದ್ದರು. ಸಂಘದ ಸದಸ್ಯರಾದರೂ ಸಭೆಗಳಲ್ಲಿ ಬಾಯಿಬಿಟ್ಟವರಲ್ಲ. ಗೊಬ್ಬರದ ಚೀಲವನ್ನು ಅಲ್ಲೇ ಇಳಿಸಿ, ವಾಲುತ್ತಾ ಬಂದು, ಟ್ರ್ಯಾಕ್ಟರನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ, ಖದೀಮ ಗಿರಾಕಿಯನ್ನು ನೋಡುವಂತೆ ನೋಡಿ, “ತಪ್ಪು ಅವಳ ಕೈದಲ್ಲ, ತೂಕದ್ದು. ನಾಳೆ ಬರ್ತೀನಿ” ಎಂದರು. ಅವರ ಬದುಕಿನ ಅತ್ಯಂತ ದೊಡ್ಡ ತಪ್ಪು ಲೆಕ್ಕ ಅಲ್ಲಿಂದಲೇ ಶುರುವಾಯಿತು.

ತಕ್ಕಡಿಯ ಮುಂದೆ ಆಯುಷ್ಯ ಕಳೆದವನಿಗೆ ಲೋಕವೆಲ್ಲ ತಕ್ಕಡಿಯಾಗಿಯೇ ಕಾಣುತ್ತದೆ. ಅವರ ತರ್ಕ ನೇರವಾಗಿತ್ತು: ಬಕೆಟ್ಟು ಒಂದು ತಟ್ಟೆ, ಗಾಡಿಯ ಹಿಂಭಾಗ ಇನ್ನೊಂದು, ನಡುವೆ ಓಡಿಸುವವಳು ಕೂತಿರುವ ಜಾಗದಲ್ಲಿ ಮುಳ್ಳು. ತುಂಬಿದ ಬಕೆಟ್ಟಿನ ಎಲೆಯನ್ನು ಚೀಲಗಳಿಗೆ ಹಾಕಿ ತೂಗಿಸಿದರು. ಅಷ್ಟೇ ತೂಕದ ಕಬ್ಬಿಣವನ್ನು ಉಗ್ರಾಣದಿಂದ ತರಿಸಿ, ವಿಭೂತಿ ಹಚ್ಚಿ, ಸೀಟಿನ ಎರಡೂ ಬದಿಗೆ ಕಾಲಿಡುವ ತಗಡಿನ ಮೇಲೆ ತಾವೇ ನಿಂತು ಜೋಡಿಸಿ, ಹಗ್ಗದಿಂದ ಬಿಗಿಸಿದರು. ಅದರ ಮೇಲೊಂದು ಪುಟ್ಟ ಕಲ್ಲನ್ನು ಕೊಸರೆಂದು ಹಾಕಿಸಿದರು. ಸಮತಟ್ಟು ಜಾಗದಲ್ಲಿ ಟ್ರ್ಯಾಕ್ಟರು ಗಂಭೀರವಾಗಿ ನಡೆಯಿತು. ಕಟ್ಟಿದ ಕಲ್ಲುಗಳಿಗೆ ಕೈಮುಗಿದು ಅವರು ಮನೆಗೆ ಹೋದರು.

ಮರುವಾರ ರುದ್ರಾಣಿ ತುಂಬಿದ ಬಕೆಟ್ಟಿನೊಡನೆ ಇಳಿಜಾರಿನಲ್ಲಿ ಕೆಳಗಿನ ಗುಂಡಿಗಳ ಕಡೆಗೆ ಇಳಿಯುತ್ತಿದ್ದಳು. ನಡುವೆ ಬ್ರೇಕು ತುಳಿದಳು. ಬ್ರೇಕು ಹಿಡಿಯಿತು, ಆದರೆ ಗಾಡಿ ನಿಲ್ಲಲಿಲ್ಲ. ಹಿಂದಿನ ಚಕ್ರಗಳು ನೆಲವನ್ನು ಸವರಿಕೊಂಡು ಜಾರಿದವು, ಮುಂಭಾಗ ಕುಕ್ಕರಿಸಿತು, ಬಕೆಟ್ಟು ಹೋಗಿ ಪಕ್ಕದ ಮನೆಯ ಭಾಗೀರಥಮ್ಮನವರ ಕಾಂಪೌಂಡು ಗೋಡೆಗೆ ಗುದ್ದಿತು. ಹಗ್ಗ ಹರಿದು ಐವತ್ತು ಕಿಲೋದ ಕಲ್ಲೊಂದು ಅವಳ ಪಾದದ ಪಕ್ಕದಲ್ಲೇ ಉರುಳಿಹೋಯಿತು. ಅವಳ ಎಡಗೈಯ ಮಣಿಕಟ್ಟು ಮುರಿಯಿತು. ಗೋಡೆಯಾಚೆ ಸ್ವಲ್ಪ ಮುಂಚೆ ಬಟ್ಟೆ ಒಣಗಿಹಾಕುತ್ತಿದ್ದ ಭಾಗೀರಥಮ್ಮನವರು ಒಳಗೆ ಹೋಗಿದ್ದರು ಎಂಬುದೊಂದೇ ಪುಣ್ಯ.

ಅಂದಿನ ತುರ್ತು ಸಭೆಯಲ್ಲಿ ಕಾಫಿಯನ್ನು ಯಾರೂ ಮುಟ್ಟಲಿಲ್ಲ. ಟ್ರ್ಯಾಕ್ಟರನ್ನು ಮಾರುವುದು, ರುದ್ರಾಣಿಯನ್ನು ಬಿಡಿಸುವುದು ಎಂದು ಶ್ರೀನಿವಾಸಯ್ಯನವರು ಎರಡೇ ವಾಕ್ಯದಲ್ಲಿ ನಿರ್ಣಯ ಹೇಳಿದರು. ಭಾರ ಹಾಕಿಕೊಟ್ಟರೂ ಗೋಡೆಗೆ ಗುದ್ದಿಸಿದಳೆಂದರೆ ಇನ್ನು ಮಾತೇನು? ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಾಗಿಲ ಬಳಿ ನಿಂತಿದ್ದ ಅವಳು ತಲೆ ತಗ್ಗಿಸಿದ್ದಳು. ಅವಳಿಗೆ ಹೋಗುತ್ತಿದ್ದದ್ದು ಕೆಲಸವಷ್ಟೇ ಆಗಿರಲಿಲ್ಲ. ಎರಡು ಸಲ ಗಾಡಿಯ ಹಿಡಿತ ತಪ್ಪಿಸಿಕೊಂಡವಳು ಎಂಬ ಹೆಸರು ಹೊತ್ತವಳಿಗೆ ಈ ಊರಿನಲ್ಲಿ ಮತ್ತೆ ಸ್ಟಿಯರಿಂಗು ಕೊಡುವವರು ಯಾರು? ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಶಿವರುದ್ರಪ್ಪನವರು ಎದ್ದು ನಿಂತಿದ್ದರು. ಜೇಬಿನ ಕಲ್ಲನ್ನು ಎಡಗೈ ಬಿಗಿಯಾಗಿ ಹಿಡಿದುಕೊಂಡಿತ್ತು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ. ಕಲ್ಲು ನಂದು, ಲೆಕ್ಕ ನಂದು, ಕಟ್ಟಿಸಿದ್ದು ನಾನು. ತಪ್ಪೂ ನಂದೇ. ಆ ಮಗು ಕಾಲು ಉಳಿದದ್ದೇ ನನ್ನ ಪುಣ್ಯ, ಅವಳದೇನೂ ತಪ್ಪಿಲ್ಲ.”

ಶ್ರೀನಿವಾಸಯ್ಯನವರು ಈಗ ಏನು ಮಾಡಬೇಕೆನ್ನುತ್ತೀರಿ ಎಂದು ಬಿಗುವಾಗಿಯೇ ಕೇಳಿದರು. ಅವಳ ಕೈ ಕೂಡಿಕೊಳ್ಳುವವರೆಗೆ ಗಾಡಿಯನ್ನು ಮಾರಬೇಡಿ, ಅವಳನ್ನು ಬಿಡಿಸಬೇಡಿ, ಅಷ್ಟರಲ್ಲಿ ತಪ್ಪೆಲ್ಲಿತ್ತೆಂದು ನಿಮ್ಮೆಲ್ಲರ ಕಣ್ಣಿಗೆ ತೋರಿಸುತ್ತೇನೆ, ತೋರಿಸಲಾಗದಿದ್ದರೆ ನೀವು ಹೇಳಿದಂತೆ ಎಂದು ಇವರು ಬೇಡಿದರು. ಬೇಡಿದರು ಎನ್ನುವುದು ನನ್ನ ಮಾತು. ಅವರ ನಿಲುವು ನೋಡಿದರೆ ವಸೂಲಿಗೆ ಬಂದವರಂತಿತ್ತು. ಎಪ್ಪತ್ತು ದಾಟಿದ, ತೂಕದಲ್ಲಿ ತಪ್ಪಿಲ್ಲ ಎಂಬುದೊಂದನ್ನೇ ಆಸ್ತಿ ಮಾಡಿಕೊಂಡಿದ್ದ ಮನುಷ್ಯ, ಆ ಆಸ್ತಿಯನ್ನು ಇಡೀ ಸಭೆಯ ಎದುರು ಇಳಿಸಿಟ್ಟಿದ್ದರು. ಭಾಗೀರಥಮ್ಮನವರೇ ಮೊದಲು ಆಗಲಿ ಎಂದರು, ಮುರಿದದ್ದು ಅವರ ಗೋಡೆಯಾದ್ದರಿಂದ ಎದುರಾಡುವವರಿರಲಿಲ್ಲ.

ಅನಂತರದ ದಿನಗಳಲ್ಲಿ ಅವರಿಗೆ ಬೇರೆ ಮಾತಿರಲಿಲ್ಲ. ಕಲಾಸಿಪಾಳ್ಯದ ಗ್ಯಾರೇಜುಗಳಲ್ಲಿ, ಟ್ರ್ಯಾಕ್ಟರು ಮಾರಿದವರ ಬಾಗಿಲಲ್ಲಿ, ಲಾರಿ ನಿಲ್ಲುವ ಜಾಗಗಳಲ್ಲಿ ನಿಂತು ಕೇಳಿದ್ದನ್ನೇ ಕೇಳಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವು ಹಟಮಾರಿ ಎನ್ನುತ್ತೇವೆ. ಇವರದು ಅದಕ್ಕಿಂತ ಕಷ್ಟದ ಹಟ, ಮೊಲವನ್ನು ಕೆಳಗೆ ಬಿಟ್ಟು ಅದರ ಕಾಲನ್ನು ಮತ್ತೆ ಎಣಿಸುವ ಹಟ. ರುದ್ರಾಣಿಯ ಮನೆಗೆ ಶೈಲಜಮ್ಮನವರೊಡನೆ ಹೋಗಿ ಕೂತು ಎರಡೂ ಸಲ ಏನಾಯಿತೆಂದು ಕೇಳಿ ಬಂದರು. ಬ್ರೇಕು ತುಳಿದಾಗ ಚಕ್ರ ಹಿಡಿಯಿತು, ಆದರೆ ನೆಲ ಸಿಗಲಿಲ್ಲ ಎಂದು ಅವಳು ಹೇಳಿದ ಮಾತು ಅವರ ನಿದ್ದೆಯನ್ನು ಕೆಡಿಸಿತ್ತು.

ಒಂದು ಬೆಳಗ್ಗೆ ಹೋಟೆಲಿನಲ್ಲಿ ನನ್ನನ್ನು ಹಿಡಿದು ಕೂರಿಸಿದರು. ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಹಗುರವಾಗಿತ್ತು.

“ಮೇಷ್ಟ್ರೇ, ಈ ಗಾಡಿಗೆ ಮುಳ್ಳು ಎಲ್ಲಿದೆ ಹೇಳಿ ನೋಡೋಣ.”

ನಡುವೆ, ಸೀಟಿನ ಹತ್ತಿರ, ಎಂದೆ.

“ಅದೇ ನಾನ್ ಮಾಡಿದ್ ತಪ್ಪು. ಮುಂದಿನ ಚಕ್ರದ ಅಚ್ಚಿದೆಯಲ್ಲ, ಅದೇ ಮುಳ್ಳು. ಬಕೆಟ್ಟು ಅದರಾಚೆ ಕೈಚಾಚ್ಕೊಂಡ್ ನಿಂತಿದೆ, ಮಿಕ್ಕಿದ್ದೆಲ್ಲಾ ಈಚೆ. ಇದು ತಕ್ಕಡಿ ಅಲ್ಲ ಸ್ವಾಮಿ, ತೂಗುಕೋಲು.”

ಹಿಂದೆ ಹಳ್ಳಿಯ ಕಡೆಯಿಂದ ಹುಣಸೆಹಣ್ಣು, ಬೆಲ್ಲ ತರುವವರು ಹಿಡಿದು ಬರುತ್ತಿದ್ದ ತೂಗುಕೋಲೊಂದು ಅವರ ಉಗ್ರಾಣದ ಗೋಡೆಗೆ ಇನ್ನೂ ನೇತಾಡುತ್ತಿತ್ತು. ಎತ್ತಿ ಹಿಡಿಯುವ ದಾರ ಕೋಲಿನ ಒಂದು ತುದಿಗೆ ಹತ್ತಿರ; ಆ ಗಿಡ್ಡ ತುದಿಯ ಕೊಕ್ಕೆಗೆ ದೊಡ್ಡ ಗಂಟು, ಉದ್ದನೆಯ ತುದಿಯ ಕಡೆಗೆ ಜಾರಿಸುವ ಒಂದೇ ಒಂದು ಸಣ್ಣ ಗುಂಡು. ಗುಂಡು ದಾರದ ಹತ್ತಿರವಿದ್ದಾಗ ಗಂಟು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ದೂರ ದೂರ ಸರಿಸಿದಂತೆ ಅದೇ ಗುಂಡು ಗಂಟನ್ನು ಎತ್ತಿ ನಿಲ್ಲಿಸುತ್ತದೆ. ಪೇಟೆಯವರು ಅದನ್ನು ಹಳ್ಳಿಯವರ ಅಂದಾಜಿನ ಆಟವೆಂದು ನಗುತ್ತಿದ್ದರಂತೆ, ಇವರೂ ನಕ್ಕವರೇ. ತೂಕ ಸಮವಾದರೆ ಸಾಕೆಂದು ಕಲ್ಲನ್ನು ಮುಳ್ಳಿನ ಹತ್ತಿರವೇ ಪೇರಿಸಿಬಿಟ್ಟಿದ್ದರು. ಲೋಟದ ಅಂಚಿನ ಮೇಲೆ ಚಮಚವನ್ನಿಟ್ಟು, ಒಂದು ತುದಿಗೆ ವಡೆಯ ಚೂರನ್ನು ಹೇರಿ, ಇನ್ನೊಂದು ತುದಿಯನ್ನು ಬೆರಳಿನಿಂದ ಮೊದಲು ಹತ್ತಿರದಲ್ಲಿ, ಆಮೇಲೆ ದೂರದಲ್ಲಿ ಒತ್ತಿ ತೋರಿಸಿದರು. ವಡೆ ಸಾಂಬಾರಿಗೆ ಬಿತ್ತು, ನನಗೆ ವಿಷಯ ತಿಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. “ಈ ಗಾಡಿಗೆ ಬ್ರೇಕಿರೋದು ಹಿಂದಿನ ಚಕ್ರಕ್ಕೆ. ಹಿಂದಿನ ಚಕ್ರವೇ ನೆಲ ಬಿಟ್ರೆ ಬ್ರೇಕು ಯಾರನ್ನ ಹಿಡೀಬೇಕು?” ಎಂದರು. ನಾನು ಉತ್ತರ ಕೊಡುವ ಮುಂಚೆ ಎದ್ದು ಕಲಾಸಿಪಾಳ್ಯದ ಬಸ್ಸು ಹಿಡಿದಿದ್ದರು.

ಅಲ್ಲಿ ಮಾಯಣ್ಣ ಎಂಬವರ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ದಪ್ಪ ಕಬ್ಬಿಣದ ಪೆಟ್ಟಿಗೆ ತಯಾರಾಯಿತು. ಟ್ರ್ಯಾಕ್ಟರಿನ ಹಿಂದೆ ನೇಗಿಲು ಸಿಕ್ಕಿಸಲು ಇರುವ ಮೂರು ಕೊಂಡಿಗಳಿಗೇ ಅದನ್ನು ತೂಗುಹಾಕುವ ಏರ್ಪಾಡು: ಹಿಂದಿನ ಅಚ್ಚಿಗಿಂತಲೂ ಹಿಂದೆ, ನೆಲಕ್ಕೆ ಸಮೀಪವಾಗಿ. ಕಲ್ಲುಗಳು ಅದರೊಳಗೆ ಕೂತ ಮೇಲೆ ಅಲುಗದಂತೆ ಮೇಲೊಂದು ಸರಳು, ಸರಳಿಗೊಂದು ಬೀಗ. ಹಗ್ಗದ ಮಾತನ್ನು ಇವರೆದುರು ಯಾರೂ ಎತ್ತುವಂತಿರಲಿಲ್ಲ. ಈ ಸಲ ಭಾರವನ್ನು ಅಂದಾಜಿನಿಂದಲೂ ಹಾಕಲಿಲ್ಲ, ಅಹಂಕಾರದಿಂದಲೂ ಹಾಕಲಿಲ್ಲ. ಮಾರಿದವರು ಆ ಗಾಡಿಗೆ, ಆ ಬಕೆಟ್ಟಿಗೆ ಎಷ್ಟು ಹೇಳಿದ್ದರೋ ಅಷ್ಟನ್ನು ಕೇಳಿ ತಿಳಿದು ಅಷ್ಟೇ ತುಂಬಿಸಿದರು. ಕೊಸರು ಹಾಕುತ್ತೀರಾ ಎಂದು ನಾನು ರೇಗಿಸಿದೆ. ಕೊಸರು ಬೇಳೆಗೆ, ಜೀವಕ್ಕಲ್ಲ, ಜಾಸ್ತಿಯಾದರೆ ಗಾಡಿಯ ಬೆನ್ನು ಮುರಿಯುತ್ತದೆ ಎಂದು ಗದರಿದರು. ಪೆಟ್ಟಿಗೆಯೊಂದಿಗೆ ತಿರುಗಲು ಜಾಗ ಸಾಲದೆಂಬ ಶ್ರೀನಿವಾಸಯ್ಯನವರ ಹಳೆಯ ಆಕ್ಷೇಪಕ್ಕೆ ಉತ್ತರವಾಗಿ, ಅಂಗಳದ ಮೂಲೆಯಲ್ಲಿ ಬೇಕಿಲ್ಲದೆ ಬಿದ್ದಿದ್ದ ಹಳೆಯ ತೊಟ್ಟಿಯನ್ನು ತಾವೇ ಮುಂದೆ ನಿಂತು ತೆಗೆಸಿದರು.

ರುದ್ರಾಣಿಯ ಕೈ ಕೂಡಿಕೊಂಡು, ಡಾಕ್ಟರು ಗಾಡಿ ಓಡಿಸಬಹುದೆಂದ ಮೇಲೆ ಪರೀಕ್ಷೆಯ ದಿನ ಬಂತು. ಸಂಘವೆಲ್ಲ ನೆರೆದಿತ್ತು, ಶ್ರೀನಿವಾಸಯ್ಯನವರು ಕೈಕಟ್ಟಿ ನಿಂತಿದ್ದರು, ಭಾಗೀರಥಮ್ಮನವರು ಹೊಸ ಗೋಡೆಯಿಂದ ಸಾಕಷ್ಟು ದೂರದಲ್ಲಿ, ಮಹಡಿಯ ಮೇಲೆ ನಿಂತಿದ್ದರು. ರುದ್ರಾಣಿ ಹತ್ತುವ ಮುಂಚೆ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಶಿವರುದ್ರಪ್ಪನವರನ್ನು ಕೇಳಿದ ಪ್ರಶ್ನೆ ನಮ್ಮೆಲ್ಲರ ಮನಸ್ಸಿನಲ್ಲಿಯೂ ಇದ್ದದ್ದೇ.

“ಯಜಮಾನ್ರೇ, ಹೋದ್ಸಲಾನೂ ಸರಿಯಿದೆ ಅಂದಿದ್ರಿ.”

“ಹೌದಮ್ಮ. ಅದಕ್ಕೇ ಈ ಸಲ ನನ್ನ ನಂಬ್ಬೇಡ. ಮೊದ್ಲು ಖಾಲಿ ಹೋಗು, ಆಮೇಲೆ ಅರ್ಧ, ಆಮೇಲೆ ತುಂಬ. ಬಕೆಟ್ಟು ಮೊಳಕಾಲಿಗಿಂತ ಮೇಲೆ ಏಳ್ಕೂಡ್ದು. ಎಲ್ಲಾದ್ರೂ ಹಿಂದೆ ಹಗುರ ಅನ್ಸಿದ್ರೆ ಇಳಿಸ್ಬಿಡು. ನಿನಗೆ ಸರಿ ಅನ್ಸೋವರ್ಗೂ ಸರಿಯಿಲ್ಲ ಅಂತಲೇ ಅರ್ಥ.”

ಅವಳು ಬೆಲ್ಟು ಬಿಗಿದುಕೊಂಡು ಖಾಲಿ ಬಕೆಟ್ಟಿನಲ್ಲಿ ಹೋಗಿಬಂದಳು. ಅರ್ಧ ತುಂಬಿಕೊಂಡು ಹೋಗಿಬಂದಳು. ತುಂಬಿದ ಬಕೆಟ್ಟನ್ನು ಮೊದಲು ಸಮನೆಲದಲ್ಲಿ ಒಂದು ಗೇಣು ಎತ್ತಿ, ಹಿಂದಿರುಗಿ ಚಕ್ರಗಳನ್ನು ನೋಡಿದಳು. ಅವು ಬೇರು ಬಿಟ್ಟಂತಿದ್ದವು. ಆಮೇಲೆ ಇಳಿಜಾರು. ಈ ಸಲ ಮುಂಭಾರವನ್ನು ಏರಿನ ಕಡೆಗೇ ಇಟ್ಟುಕೊಂಡು, ಶಿವರುದ್ರಪ್ಪನವರು ಮೊದಲೇ ಹೇಳಿಕೊಟ್ಟಿದ್ದಂತೆ ಹಿಮ್ಮುಖವಾಗಿ, ನಿಧಾನವಾಗಿ ಇಳಿದಳು. ನಡುದಾರಿಯಲ್ಲಿ ಬ್ರೇಕು ತುಳಿದಳು. ಟ್ರ್ಯಾಕ್ಟರು ನಿಂತಿತು. ಜಾರಲಿಲ್ಲ, ಮುಗ್ಗರಿಸಲಿಲ್ಲ, ಸುಮ್ಮನೆ ನಿಂತಿತು. ಶಿವರುದ್ರಪ್ಪನವರ ತುಟಿ ‘ಲಾಭ’ ಎಂದದ್ದು ನನಗೆ ಕಾಣಿಸಿತು, ಕೇಳಿಸಲಿಲ್ಲ. ಶ್ರೀನಿವಾಸಯ್ಯನವರು ಕಟ್ಟಿದ ಕೈ ಬಿಚ್ಚಿ, ರುದ್ರಾಣಿಯ ಹತ್ತಿರ ಹೋಗಿ, ಆ ಗಾದೆಯನ್ನು ನಾನು ಅಂದು ಹೇಳಬಾರದಿತ್ತು ಎಂದರು. ಅವರನ್ನು ಬಲ್ಲ ನಮಗೆ ಅದು ಸಣ್ಣ ಮಾತಾಗಿರಲಿಲ್ಲ.

ಅಂದಿನಿಂದ ಅಂಗಳಕ್ಕೆ ಒಂದೇ ಶಾಸನ: ಪೆಟ್ಟಿಗೆಯಿಲ್ಲದೆ ಬಕೆಟ್ಟಿಲ್ಲ. ಶಿವರುದ್ರಪ್ಪನವರು ಬೆಳಗಿನ ಹೊತ್ತು ಬಂದು, ಕೊಂಡಿಗಳನ್ನು ಮುಟ್ಟಿ ನೋಡಿ, ಬೀಗ ಜಗ್ಗಿ ನೋಡಿ, ಇದ್ದವರಿಗೆಲ್ಲ ಕಲ್ಲಿಗೆ ಯಜಮಾನನ ಗುರುತಿರಬಾರದೆಂಬ ಪುರಾಣ ಹೇಳಿ ಹೋಗುತ್ತಿದ್ದರು. ಒಂದೇ ಒಂದು ಬುಟ್ಟಿ ಹೂವಿನ ಕಸ ಎತ್ತಬೇಕಾದರೂ ಪೆಟ್ಟಿಗೆ ಸಿಕ್ಕಿಸಲು ಹೇಳುವ ಅವರ ಕಾಟಕ್ಕೆ ನಾವು ಬೇಸತ್ತೆವು ಎನ್ನುವುದನ್ನೂ ಹೇಳಿಬಿಡಬೇಕು. ಸಂಘದ ಒಬ್ಬ ಹಿರಿಯರಂತೂ ಅವರನ್ನು ಕಂಡರೆ ಚಪ್ಪಲಿ ಹುಡುಕತೊಡಗುತ್ತಿದ್ದರು.

ಆಶ್ವಯುಜದ ಒಂದು ಬೆಳಗ್ಗೆ, ರಾತ್ರಿಯಿಡೀ ಸುರಿದ ಮಳೆಗೆ ಅವರ ಮನೆಯೆದುರಿನ ಮೋರಿ ಕಟ್ಟಿಕೊಂಡು, ಮಣ್ಣು, ಕೊಂಬೆ, ಕೊಳೆತ ಎಲೆ ಎಲ್ಲ ಸೇರಿ ಗೇಟಿಗೆ ಅಡ್ಡವಾಗಿ ಗುಡ್ಡೆಬಿದ್ದಿತ್ತು. ಅಂದು ಶೈಲಜಮ್ಮನವರ ಕಣ್ಣಿನ ಆಪರೇಷನ್ನು. ಕಾರು ಹೊರಬರುವಂತಿರಲಿಲ್ಲ. ಶಿವರುದ್ರಪ್ಪನವರು ಪಂಚೆ ಮೇಲೆ ಕಟ್ಟಿ, ಕೋಟು ಒದ್ದೆಯಾಗಿಸಿಕೊಂಡು ಅಂಗಳಕ್ಕೆ ಬಂದಾಗ ನಾನು ಅಲ್ಲೇ ಇದ್ದೆ. ಪೆಟ್ಟಿಗೆ ಇರಲಿಲ್ಲ. ಅದರ ಕೊಂಡಿಯ ಬಳಿ ಬಿರುಕು ಕಂಡಿದೆಯೆಂದು ಅವರೇ ಹಿಂದಿನ ದಿನ ಅದನ್ನು ಮಾಯಣ್ಣನವರ ಅಂಗಡಿಗೆ ಕಳಿಸಿದ್ದರು.

ಗಾಡಿ ತೆಗಿ, ದಾರಿಯೆಲ್ಲ ಸಮತಟ್ಟು, ಇಳಿಜಾರಿಲ್ಲ, ಎಂದ ಅವರ ದನಿಯಲ್ಲಿ ಆತುರವಿತ್ತು. ರುದ್ರಾಣಿ ಪೆಟ್ಟಿಗೆಯಿಲ್ಲದ ಖಾಲಿ ಕೊಂಡಿಗಳ ಕಡೆಗೆ ನೋಡಿದಳು.

“ಬರೀ ಲಾಭ ಬಕೆಟ್ಟು ಕಣಮ್ಮ. ಅಮ್ಮಾವ್ರಿಗೆ ಹೊತ್ತಾಗ್ತಿದೆ.”

ಅವಳು ಕೀಲಿಯನ್ನು ಟ್ರ್ಯಾಕ್ಟರಿನಿಂದ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮನೆ ಉಳಿಸಿದವರಿಗೆ ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ.

“ಆಗಲ್ಲ ಯಜಮಾನ್ರೇ. ಸನಿಕೆ ತಗೊಂಡ್ ಬರ್ತೀನಿ, ಕೈಯಲ್ಲೇ ತೆಗ್ದು ದಾರಿ ಮಾಡ್ತೀನಿ. ಇದನ್ನ ಮಾತ್ರ ಕೇಳ್ಬೇಡಿ. ಕಲ್ಲಿಗೆ ಯಜಮಾನ್ರ ಗುರುತಿರಬಾರ್ದು ಅಂದಿದ್ದು ನೀವೇ.”

ಅವರ ಮುಖ ಕೆಂಪಾದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು; ನುಂಗಿಕೊಂಡೆ. ಅವರು ತಿರುಗಿ ಮನೆಯ ಕಡೆಗೆ ಹೋದರು. ರುದ್ರಾಣಿ ಸನಿಕೆ ಹೊತ್ತು ಅವರ ಹಿಂದೆಯೇ ಓಡಿದಳು, ನಾನೂ ಒಂದು ಗುದ್ದಲಿ ಹಿಡಿದು ಏದುಸಿರು ಬಿಡುತ್ತಾ ಹೋದೆ. ಕಾರಿಗಾಗುವಷ್ಟು ದಾರಿ ಆಗಲಿಲ್ಲ, ಮನುಷ್ಯರು ದಾಟುವಷ್ಟು ಆಯಿತು. ಶೈಲಜಮ್ಮನವರು ಅವಳ ಭುಜ ಹಿಡಿದು ಕೆಸರು ದಾಟಿ, ಮುಖ್ಯರಸ್ತೆಯಲ್ಲಿ ಆಟೋ ಹತ್ತಿದರು. ತಡವಾಗಿ ಹೋದರೂ ಆಸ್ಪತ್ರೆಯವರು ಆಪರೇಷನ್ನು ಮಾಡಿದರು. ಶಿವರುದ್ರಪ್ಪನವರು ಆಟೋ ಹೊರಡುವವರೆಗೂ ರುದ್ರಾಣಿಯ ಕಡೆ ತಿರುಗಿ ನೋಡಲಿಲ್ಲ.

ಮರುದಿನ ರುದ್ರಾಣಿ ನಿದ್ದೆಗೆಟ್ಟ ಮುಖದಲ್ಲಿ ಅಂಗಳಕ್ಕೆ ಬಂದಿದ್ದಳು. ಪೆಟ್ಟಿಗೆ ರಿಪೇರಿಯಾಗಿ ಬಂದು ಕೊಂಡಿಗಳಲ್ಲಿ ಕೂತಿತ್ತು. ಅವರು ಎಂದಿನಂತೆ ವಾಲುತ್ತಾ ಬಂದರು, ಕೊಂಡಿ ಮುಟ್ಟಿದರು, ಬೀಗದ ಕೈ ಕೇಳಿ ತೆಗೆದುಕೊಂಡು ಸರಳನ್ನು ಎತ್ತಿದರು. ಆಮೇಲೆ ಕೋಟಿನ ಎಡಜೇಬಿಗೆ ಕೈ ಹಾಕಿ, ತಂದೆಯ ಆ ಒಂದು ಕಿಲೋದ ಮೂಲಕಲ್ಲನ್ನು ತೆಗೆದು, ಪಂಚೆಯ ತುದಿಯಿಂದ ಒರೆಸಿ, ಉಳಿದ ಕಲ್ಲುಗಳ ಸಾಲಿನ ಕೊನೆಗೆ ಕೂರಿಸಿ, ಸರಳು ಹಾಕಿ ಬೀಗ ಮುಚ್ಚಿದರು.

“ಇದು ಇಲ್ಲೇ ಇರ್ಲಿ ತಾಯಿ. ಇನ್ಮೇಲೆ ನೋಡ್ಕೊಳ್ಳೋಳು ನೀನು” ಎಂದು ಕೀಲಿಯನ್ನು ಅವಳ ಕೈಗೆ ಕೊಟ್ಟರು.

ಕೊಸರು ಜೀವಕ್ಕಲ್ಲ ಎಂದಿದ್ದಿರಲ್ಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ಕಣ್ಣು ಒರೆಸಿಕೊಂಡು ಗಾಡಿ ಹತ್ತಿದಳು. ಅವರು ಗೇಟಿನ ಕಡೆಗೆ ನಡೆದುಹೋಗುವುದನ್ನು ನೋಡುತ್ತಾ ನಿಂತೆ. ಕೋಟು ಎರಡೂ ಕಡೆ ಸಮವಾಗಿ ಇಳಿಬಿದ್ದಿತ್ತು. ದೇಹ ಮಾತ್ರ, ಅಷ್ಟು ವರ್ಷಗಳ ಅಭ್ಯಾಸಕ್ಕೆ, ಇಲ್ಲದ ಭಾರವನ್ನು ಸರಿದೂಗಿಸುತ್ತಾ ಇನ್ನೂ ಬಲಕ್ಕೆ ವಾಲುತ್ತಿತ್ತು.

ನ್ಯಾಯ ಹೇಳುವವರಿಗೆ ನಮ್ಮ ಊರಿನಲ್ಲಿ ಬರವಿಲ್ಲ. ನನ್ನಂಥವರು ಅದನ್ನೇ ಕಸುಬು ಮಾಡಿಕೊಂಡಿದ್ದೇವೆ. ಆದರೆ ತಾವು ಕಟ್ಟಿದ ನಿಯಮ ಒಂದು ದಿನ ತಮ್ಮದೇ ಗೇಟಿಗೆ ಅಡ್ಡ ನಿಂತಾಗ, ಮೊದಲು ಸಿಟ್ಟಾಗಿ, ಒಂದು ರಾತ್ರಿ ಮುನಿದು, ಬೆಳಗಾಗುವಷ್ಟರಲ್ಲಿ ತಮ್ಮ ಕಲ್ಲನ್ನೂ ಆ ನಿಯಮದ ಕಡೆಗೇ ಹಾಕುವವರು ಬೇರೆಯೇ ಜಾತಿಯ ಜನ. ಅವರು ತಪ್ಪೇ ಮಾಡದವರಲ್ಲ, ತಪ್ಪು ತಮ್ಮದೆಂದು ಸಭೆಯಲ್ಲಿ ಎದ್ದು ನಿಂತು ಹೇಳುವವರು. ಬಾಯಿತುಂಬ ಹೊಗಳುವಷ್ಟು ಹಿತವಾಗಿಯೂ ಅವರು ಇರುವುದಿಲ್ಲ, ಬಹುಪಾಲು ಕಾಲ ಅವರೊಂದು ಕಾಟ. ಎತ್ತುವವರು ಮುಂದೆ ಕಾಣುತ್ತಾರೆ, ಜನ ನೋಡುವುದೂ ಅವರನ್ನೇ; ಅವರ ಚಕ್ರ ನೆಲ ಬಿಡದಿರುವುದು ಮಾತ್ರ ಹಿಂದೆ, ದೂರದಲ್ಲಿ, ಯಾರಿಗೂ ಕಾಣದಂತೆ ಕೂತಿರುವ ಇಂಥವರ ಭಾರದಿಂದ.